ತಂಗಡಿ ಗಿಡ ಯಾಕೆ ಕೊರಗುತ್ತಿದೆ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಚಿತ್ರದುರ್ಗ, ಪಾವಗಡ, ಬಳ್ಳಾರಿ ಕಡೆ ಕಲ್ಲುಗುಡ್ಡಗಳ ಮೇಲೆ, ರಸ್ತೆ ಬದಿಯಲ್ಲಿ ಯಾರೂ ಒಂದು ಚೊಂಬು ನೀರು ಹಾಕದಿದ್ದರೂ ಮೈತುಂಬ ಹಳದಿ ಹೂ ಬಿಟ್ಟು ನಿಲ್ಲುವ ಗಿಡ ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಎಂದಿರುತ್ತದೆ. ನಮ್ಮ ಬಯಲುಸೀಮೆಯದೇ ಗಿಡ. ನೀರಿಗೆ ಬರ ಇರುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಹೂಗಿಡ ಸಿಗುವುದು ಕಷ್ಟ.

ಆದರೂ ಮನೆ ಮುಂದೆ ತಂದು ನೆಟ್ಟಾಗ ಇದು ಕೊರಗುವುದನ್ನು ತುಂಬಾ ಕಡೆ ನೋಡಿದ್ದೇನೆ. ಬಹುತೇಕ ಸಲ ನೀರು, ಗೊಬ್ಬರ, ಕತ್ತರಿ, ಔಷಧಿ ಈ ನಾಲ್ಕರಲ್ಲಿ ಯಾವುದೋ ಒಂದು ಜಾಸ್ತಿ ಆಗಿರುತ್ತದೆ. ಹಾಗಾಗಿ ಯಾವ ಲಕ್ಷಣ ಕಂಡರೂ ಏನನ್ನು ನಿಲ್ಲಿಸಬಹುದು ಅಂತ ಮೊದಲು ನೋಡಿ. ಏನು ಹಾಕಬೇಕು ಅನ್ನೋದು ಆಮೇಲೆ.

ಯಾವ ಲಕ್ಷಣವಾದರೂ ಮೊದಲು ಇಷ್ಟು ನೋಡಿ

ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು.

ಬುಡದಿಂದ ಒಂದು ಗೇಣು ದೂರದಲ್ಲಿ ಒಣ ಕಡ್ಡಿಯೊಂದನ್ನು ಅರ್ಧ ಅಡಿ ಆಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಡ್ಡಿಗೆ ಹಸಿ ಮಣ್ಣು ಅಂಟಿದ್ದರೆ ಒಳಗೆ ತೇವ ಇದೆ. ಮೇಲ್ಮಣ್ಣು ಒಣಗಿದ್ದನ್ನು ನೋಡಿ ನೀರು ಹಾಕುವುದೇ ಅರ್ಧ ತೊಂದರೆಗೆ ಮೂಲ. ಆಮೇಲೆ ಎಲೆಗಳ ಅಡಿಭಾಗ, ಎಳೆ ಕುಡಿ, ಕವಲು ಒಡೆಯುವ ಸಂದುಗಳನ್ನು ನೋಡಿ. ಕೊನೆಗೆ, ಹಿಂದಿನ ಒಂದು ತಿಂಗಳಲ್ಲಿ ಏನು ಬದಲಾಯಿತು ಅಂತ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಹುಲ್ಲುಹಾಸು ಹಾಕಿದಿರಾ? ಗೋಡೆ ಕಟ್ಟುವಾಗ ಸಿಮೆಂಟ್ ನೀರು ಆ ಕಡೆ ಹರಿಯಿತಾ? ಗೊಬ್ಬರ ಹಾಕಿದಿರಾ?

ಬುಡದ ಪೊದೆಗೆ ಕೈ ಹಾಕುವ ಮುಂಚೆ ಉದ್ದನೆಯ ಕೋಲಿನಿಂದ ಕೆಳಗಿನ ತರಗೆಲೆಗಳನ್ನು ಸರಿಸಿ. ಒಣಪ್ರದೇಶದ ಪೊದೆಗಳಲ್ಲಿ ಹಾವು, ಚೇಳು ಇರುತ್ತವೆ.

ಬೀಜ ಹಾಕಿ ವಾರಗಳಾದರೂ ಮೊಳಕೆ ಬಂದಿಲ್ಲ

ಬೀಜ ಸತ್ತಿದೆ ಅಂದುಕೊಳ್ಳಬೇಡಿ. ತಂಗಡಿ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಕೆಲವು ಬೀಜಗಳನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ನೋಡಿ. ಉಬ್ಬಿದ್ದರೆ ಬಿತ್ತಬಹುದು. ಮೊದಲಿದ್ದ ಗಾತ್ರದಲ್ಲೇ ಇದ್ದರೆ ಸಿಪ್ಪೆ ನೀರನ್ನು ತಡೆಯುತ್ತಿದೆ. ಆಗ ಮರಳು ಕಾಗದದ ಮೇಲೆ ಬೀಜದ ಒಂದು ಬದಿಯನ್ನು ಹಗುರವಾಗಿ ಉಜ್ಜಿ ಮತ್ತೆ ನೆನೆಸಿ. ಬೀಜ ಜಾಸ್ತಿ ಇದ್ದರೆ ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ಹಾಗೇ ಬಿಡಿ. ಒಲೆಯ ಮೇಲಿಟ್ಟು ಬೀಜವನ್ನು ಕುದಿಸಬಾರದು, ಒಳಗಿನ ಮೊಳಕೆ ಬೆಂದುಹೋಗುತ್ತದೆ.

ಬೀಜದ ಮೇಲೆ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಹುಳು ಒಳಗಿನದನ್ನು ತಿಂದಿದೆ, ಅಂಥವನ್ನು ಎಸೆಯಿರಿ. ಮೊಳಕೆ ಬಂದು ಎರಡು ಎಲೆ ಬಿಟ್ಟ ಸಸಿ ಬುಡದಲ್ಲಿ ಮೆತ್ತಗಾಗಿ ಮಲಗಿದರೆ ಅದು ಸಸಿ ಕೊಳೆ ರೋಗ. ಮಲಗಿದ ಸಸಿ ಏಳುವುದಿಲ್ಲ. ಉಳಿದವನ್ನಾದರೂ ಉಳಿಸಲು ನೀರು ಕಡಿಮೆ ಮಾಡಿ, ಬಿಸಿಲಿಗೆ ಸರಿಸಿ. ಮುಂದಿನ ಸಲ ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ.

ನೆಟ್ಟ ಸಸಿ ಒಂದೆರಡು ವಾರದಲ್ಲೇ ಒಣಗುತ್ತಿದೆ

ಸಸಿ ಎಲ್ಲಿಂದ ಬಂತು? ರಸ್ತೆ ಬದಿಯಿಂದ ಕಿತ್ತು ತಂದಿದ್ದರೆ ಕಾರಣ ಸಿಕ್ಕಿತು. ತಂಗಡಿಯ ತಾಯಿಬೇರು ಚಿಕ್ಕಂದಿನಲ್ಲೇ ನೇರ ಆಳಕ್ಕೆ ಇಳಿಯುತ್ತದೆ. ಬರ ತಡೆಯುವ ಶಕ್ತಿಗೆ ಆ ಆಳದ ಬೇರೇ ಆಸರೆ. ಕೀಳುವಾಗ ಅದು ಕತ್ತರಿಸಿಹೋದರೆ ಎಷ್ಟು ಉಪಚಾರ ಮಾಡಿದರೂ ಗಿಡ ಉಳಿಯುವುದು ಅನುಮಾನ. ದಯವಿಟ್ಟು ಬಯಲಿನ ಗಿಡಗಳನ್ನು ಕೀಳಬೇಡಿ. ಒಣಗಿದ ಕಾಯಿಂದ ನಾಲ್ಕು ಬೀಜ ತಂದರೆ ಸಾಕು.

ನರ್ಸರಿ ಚೀಲದ ಸಸಿಯಾಗಿದ್ದರೆ ಇನ್ನೊಂದು ಅನುಮಾನ ಇದೆ. ಚೀಲದ ತಳದಲ್ಲಿ ಬೇರು ಸುತ್ತಿ ಸುರುಳಿಯಾಗಿರಬಹುದು. ಅಂಥ ಸಸಿ ನೆಟ್ಟ ಮೇಲೂ ಬೇರು ಆಳಕ್ಕೆ ಇಳಿಸುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿದ್ದು ಬೇಸಿಗೆ ಬಂದ ತಕ್ಷಣ ಸೋಲುತ್ತದೆ. ಕೊಳ್ಳುವಾಗ ಎತ್ತರದ ಸಸಿಯ ಆಸೆಗೆ ಬೀಳದೆ, ಉದ್ದ ಚೀಲದಲ್ಲಿರುವ ಚಿಕ್ಕ ಸಸಿ ಆರಿಸಿ.

ಜೀವ ಇದೆಯಾ ಅಂತ ತಿಳಿಯಲು ಕಾಂಡದ ತೊಗಟೆಯನ್ನು ಉಗುರಿನಿಂದ ಚೂರು ಕೆರೆಯಿರಿ. ಒಳಗೆ ಹಸಿರಾಗಿ ಹಸಿಯಾಗಿದ್ದರೆ ಜೀವ ಇದೆ. ಕಂದು ಬಣ್ಣದಲ್ಲಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡಿ. ಬುಡದವರೆಗೂ ಕಂದೇ ಇದ್ದರೆ ಆ ಸಸಿಯ ಆಸೆ ಬಿಡಿ.

ಇಲ್ಲಿ ಒಂದು ಮಾತು. ಬರ ತಡೆಯುವ ಗಿಡ ಅಂದರೆ ನೆಟ್ಟ ದಿನದಿಂದಲೇ ನೀರು ಬೇಡ ಅಂತ ಅರ್ಥ ಅಲ್ಲ. ಬೇರು ಇಳಿಯುವ ತನಕ, ಅಂದರೆ ಮೊದಲ ಬೇಸಿಗೆ ದಾಟುವವರೆಗೆ ಅದಕ್ಕೆ ನೀರು ಬೇಕು. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ. ದಿನಾ ಒಂದು ಮಗ್ ಸುಮ್ನೆ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿದುಬಿಡುತ್ತದೆ. ಮುಂಗಾರು ಶುರುವಾಗುವಾಗ ನೆಟ್ಟರೆ ಈ ಕೆಲಸದ ಬಹುಪಾಲು ಮಳೆಯೇ ಮಾಡುತ್ತದೆ.

ಎಲೆ ಹಳದಿಯಾಗುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೂರು ಇದು. ತಪ್ಪು ಚಿಕಿತ್ಸೆ ಜಾಸ್ತಿ ನಡೆಯುವುದೂ ಇಲ್ಲೇ. ಹಳದಿ ಕಂಡ ತಕ್ಷಣ ಯೂರಿಯಾ ಹಾಕಬೇಡಿ. ಯಾವ ಎಲೆ ಹಳದಿಯಾಗಿದೆ, ಹಳೆಯದಾ ಹೊಸದಾ ಅಂತ ನೋಡಿ.

ಕೆಳಗಿನ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತಿವೆ, ಮಣ್ಣಿನೊಳಗೆ ತೇವ ಇದೆ ಅಂದರೆ ನೀರು ಜಾಸ್ತಿಯಾಗಿದೆ. ಬೇರಿಗೆ ಗಾಳಿ ಸಿಗುತ್ತಿಲ್ಲ. ನೀರು ನಿಲ್ಲಿಸಿ, ಕಡ್ಡಿ ಒಣದಾಗಿ ಹೊರಬರುವ ತನಕ ಮುಟ್ಟಬೇಡಿ. ಹುಲ್ಲುಹಾಸಿನ ಮಧ್ಯೆ, ಸ್ಪ್ರಿಂಕ್ಲರ್ ನೀರು ಬೀಳುವ ಜಾಗದಲ್ಲಿ ತಂಗಡಿ ನೆಟ್ಟಿದ್ದರೆ ಈ ದೋಷ ಮತ್ತೆ ಮತ್ತೆ ಬರುತ್ತದೆ. ದಿನಾ ನೀರು ಕುಡಿಯುವ ಹುಲ್ಲಿಗೂ ಇದಕ್ಕೂ ಒಂದೇ ಪಾತಿಯಲ್ಲಿ ಹೊಂದಿಕೆಯಾಗುವುದಿಲ್ಲ. ಒಂದನ್ನು ಅಲ್ಲಿಂದ ತೆಗೆಯಲೇಬೇಕು.

ನೀರು ಕಡಿಮೆ ಮಾಡಿದರೂ ತೇವ ಹೋಗದಿದ್ದರೆ ಮಣ್ಣು ನೀರು ಬಸಿಯುತ್ತಿಲ್ಲ. ಗಿಡದಿಂದ ಎರಡು ಮೂರು ಅಡಿ ದೂರದಲ್ಲಿ ಒಂದಡಿ ಆಳದ ಗುಂಡಿ ತೆಗೆಯಿರಿ. ಅದರ ತುಂಬ ನೀರು ಹಾಕಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಸಂಜೆ ತುಂಬಿದ ನೀರು ಬೆಳಿಗ್ಗೆಯೂ ನಿಂತಿದ್ದರೆ ಆ ಜಾಗ ತಂಗಡಿಗೆ ಸರಿಯಿಲ್ಲ. ಎರೆಮಣ್ಣಿನ ಮನೆಗಳಲ್ಲಿ, ಲೋಡುಗಟ್ಟಲೆ ಮಣ್ಣು ತುಂಬಿ ರೋಲರ್ ಹೊಡೆದ ಸೈಟುಗಳಲ್ಲಿ ಹೀಗಾಗುತ್ತದೆ. ಹೊಸ ಗಿಡಕ್ಕಾದರೆ ಕೆಂಪು ಮಣ್ಣು, ಗರಸು ಸೇರಿಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ನೆಡಿ. ಈಗಾಗಲೇ ಬೆಳೆದ ಗಿಡಕ್ಕಾದರೆ ನೀರು ಹರಿದುಹೋಗಲು ಪಕ್ಕದಲ್ಲಿ ಕಾಲುವೆ ತೆಗೆಯಿರಿ. ಬೇರು ಕಡಿಯದಂತೆ ಬುಡದಿಂದ ದೂರ ಇರಲಿ.

ಹೊಸ ಎಲೆಗಳೇ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಥೆಯೇ ಬೇರೆ. ಇದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಜಾಸ್ತಿಯಾದಾಗ ಬೇರು ಅದನ್ನು ಹೀರಲಾರದು. ಗೋಡೆ ಪಕ್ಕದ ಗಿಡವಾ? ಬುಡ ಅಗೆದಾಗ ಸಿಮೆಂಟ್ ಚೂರು, ಗಾರೆ ಸಿಗುತ್ತದಾ? ಗಡಸು ಬೋರ್‌ವೆಲ್ ನೀರು ಹಾಕುತ್ತೀರಾ? ಒಂದು ಹಿಡಿ ಒಣ ಮಣ್ಣಿಗೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಸುಣ್ಣ ಇದೆ. ಅನುಮಾನ ಪರಿಹರಿಸಿಕೊಳ್ಳಲು ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಒಂದೇ ಒಂದು ಕೊಂಬೆಗೆ ಸಂಜೆ ಸಿಂಪಡಿಸಿ. ವಾರ ಹತ್ತು ದಿನದಲ್ಲಿ ಆ ಕೊಂಬೆ ಮಾತ್ರ ಹಸಿರಾದರೆ ರೋಗ ಸಿಕ್ಕಿತು. ಇಡೀ ಗಿಡಕ್ಕೆ ಸಿಂಪಡಿಸಿ. ಆದರೆ ಸಿಮೆಂಟ್ ಚೂರು ತೆಗೆದು, ಎಲೆಗೊಬ್ಬರದ ಮುಚ್ಚಿಗೆ ಹಾಕಿ, ಮಳೆನೀರು ಆ ಕಡೆ ತಿರುಗಿಸದಿದ್ದರೆ ಹಳದಿ ವಾಪಸ್ ಬರುತ್ತದೆ. ಈ ದ್ರಾವಣ ನೆಲದ ಕಲ್ಲಿಗೆ, ಬಟ್ಟೆಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು.

ಇನ್ನು ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿ, ಹಳೆಯ ಎಲೆ ಉದುರಿ ಗಿಡ ಬೋಳು ಬೋಳಾದರೆ ಗಾಬರಿ ಬೇಡ. ನೀರು ಉಳಿಸಲು ಅದು ಕಂಡುಕೊಂಡ ದಾರಿ ಅದು. ತೊಗಟೆ ಕೆರೆದಾಗ ಹಸಿರಿದ್ದರೆ ಮಳೆ ಬಿದ್ದ ಮೇಲೆ ಚಿಗುರುತ್ತದೆ.

ಬೇರು ನೋಡಿದಾಗ ಅವರೆ, ಶೇಂಗಾ ಬೇರಿನಲ್ಲಿರುವಂಥ ಗಂಟುಗಳು ಕಾಣಲಿಲ್ಲ ಅಂತ ಕೆಲವರು ಚಿಂತೆ ಮಾಡುತ್ತಾರೆ. ತಂಗಡಿ ಅದೇ ಕುಟುಂಬದ್ದಾದರೂ ಅದರ ಬೇರಿನಲ್ಲಿ ಸಾರಜನಕದ ಗಂಟು ಕಟ್ಟುವುದಿಲ್ಲ. ಅದು ದೋಷವಲ್ಲ.

ಬಿಸಿಲು ಇಳಿದ ಮೇಲೆ ಎಲೆ ಮಡಚಿಕೊಳ್ಳುತ್ತದೆ

ರಾತ್ರಿ ಎಲೆ ಮಡಚುವುದು ಈ ಜಾತಿಯ ಗಿಡಗಳ ಸ್ವಭಾವ. ಬೆಳಿಗ್ಗೆ ಬಿಚ್ಚಿಕೊಂಡಿದ್ದರೆ ಏನೂ ಮಾಡಬೇಡಿ. ಬೆಳಿಗ್ಗೆ ಎಂಟು ಗಂಟೆಯಾದರೂ ಜೋತುಬಿದ್ದಿದ್ದರೆ ಮುಂದಿನ ಭಾಗ ಓದಿ.

ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗಿದೆ

ಕಡ್ಡಿ ಪರೀಕ್ಷೆಯೇ ಇಲ್ಲಿ ದಾರಿ ತೋರಿಸುತ್ತದೆ. ಮಣ್ಣು ಒಣಗಿದ್ದು ಎಲೆ ಜೋತಿದ್ದರೆ ನೀರು ಕೊಟ್ಟು ಮಾರನೇ ದಿನ ನೋಡಿ. ಮಣ್ಣು ಹಸಿ ಇದ್ದೂ ಜೋತಿದ್ದರೆ ಬೇರು ಕೆಲಸ ಮಾಡುತ್ತಿಲ್ಲ. ಇನ್ನಷ್ಟು ನೀರು ಹಾಕಿದರೆ ಗಿಡ ಬೇಗ ಸಾಯುತ್ತದೆ.

ಬುಡದ ಮಣ್ಣನ್ನು ನಾಲ್ಕು ಬೆರಳು ಆಳಕ್ಕೆ ಬಿಡಿಸಿ. ಬೇರಿನ ಸಿಪ್ಪೆ ಕಪ್ಪಾಗಿ, ಎಳೆದರೆ ಕಳಚಿ ಬಂದು, ಕೊಳೆತ ವಾಸನೆ ಹೊಡೆದರೆ ಬೇರು ಕೊಳೆ ರೋಗ. ಅರ್ಧಕ್ಕಿಂತ ಜಾಸ್ತಿ ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಪ್ರಯತ್ನ ಮಾಡಬಹುದು. ಬುಡ ಒಂದೆರಡು ದಿನ ಗಾಳಿಯಾಡಲಿ. ಕೊಳೆತ ಬೇರು ಕತ್ತರಿಸಿ ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಿರಿ. ಕೊಳೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ ಹಾಕುವ ಯೋಚನೆ ಇದ್ದರೆ ಇದರ ಜೊತೆಗೇ ಹಾಕಬೇಡಿ. ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎರಡು ವಾರ ಬಿಟ್ಟು, ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಿ.

ಬೇರು ಕೊಳೆತಿಲ್ಲ, ಆದರೆ ಕಡಿದಂತಿದೆ, ಮಣ್ಣಿನಲ್ಲಿ ಬಿಲ್ಲಿನಂತೆ ಬಾಗಿದ ದಪ್ಪ ಬಿಳಿ ಹುಳು ಸಿಗುತ್ತದೆ ಅಂದರೆ ಗೊಣ್ಣೆ ಹುಳು. ಅರೆಕೊಳೆತ ಸಗಣಿ ಗೊಬ್ಬರದ ಜೊತೆ ಬರುತ್ತದೆ. ಕೈಯಿಂದ ಆರಿಸಿ ತೆಗೆಯಿರಿ, ಆ ಗೊಬ್ಬರ ನಿಲ್ಲಿಸಿ. ಕಾಂಡದ ಮೇಲೆ ಮಣ್ಣಿನ ಲೇಪ ಕಂಡರೆ ಗೆದ್ದಲು. ಲೇಪ ಕೆರೆದು ನೋಡಿ. ಒಳಗಿನ ತೊಗಟೆ ಗಟ್ಟಿಯಾಗಿದ್ದರೆ ಗೆದ್ದಲು ಒಣ ಸಿಪ್ಪೆಯನ್ನಷ್ಟೇ ತಿನ್ನುತ್ತಿದೆ. ಒಣ ಮುಚ್ಚಿಗೆಯನ್ನು ಬುಡದಿಂದ ಒಂದು ಗೇಣು ದೂರ ಸರಿಸಿ, ಬೇವಿನ ಹಿಂಡಿ ಹಾಕಿ. ಗೆದ್ದಲಿಗೆಂದು ಮಾರುವ ಕಟು ವಿಷವನ್ನು ಬಾವಿ, ನೀರಿನ ಸಂಪು ಇರುವ ಮನೆಯಂಗಳದಲ್ಲಿ ಸುರಿಯಬಾರದು.

ಒಂದೇ ವಾರದಲ್ಲಿ ಅಕ್ಕಪಕ್ಕದ ಎರಡು ಮೂರು ಗಿಡ ಹೀಗೆ ಸೊರಗಿದರೆ ಸ್ವಂತ ಪ್ರಯೋಗ ಅಲ್ಲಿಗೇ ನಿಲ್ಲಿಸಿ, ಸಲಹೆ ಕೇಳಿ. ಸೋಂಕು ಮಣ್ಣಿನಲ್ಲಿದ್ದರೆ ಗುದ್ದಲಿ, ಕಾಲಿನ ಮಣ್ಣಿನ ಜೊತೆಗೂ ಹರಡುತ್ತದೆ.

ಗಿಡ ಸೊಂಪಾಗಿದೆ, ಹೂವೇ ಇಲ್ಲ

ಬೀಜದಿಂದ ಬಂದ ಗಿಡವಾದರೆ ಮೊದಲ ವರ್ಷ ಹೂ ಕೇಳಬೇಡಿ. ಎರಡು ವರ್ಷ ದಾಟಿದ್ದರೆ ಮೊದಲು ಬಿಸಿಲು ಲೆಕ್ಕ ಹಾಕಿ. ಆರು ಗಂಟೆಗಿಂತ ಕಡಿಮೆ ನೇರ ಬಿಸಿಲು ಬಿದ್ದರೆ ಕೊಂಬೆಗಳು ಉದ್ದುದ್ದ ಬೆಳೆಯುತ್ತವೆ, ಹೂ ಬಿಡುವುದಿಲ್ಲ. ಇದಕ್ಕೆ ಗೊಬ್ಬರದಲ್ಲಿ ಪರಿಹಾರ ಇಲ್ಲ. ಮೇಲಿನ ಮರದ ಕೊಂಬೆ ಸವರಬೇಕು, ಇಲ್ಲವೇ ಜಾಗ ಬದಲಿಸಿ ಹೊಸ ಗಿಡ ಹಾಕಬೇಕು.

ಬಿಸಿಲು ಸಾಕಷ್ಟಿದ್ದು ಎಲೆ ಕಡುಹಸಿರಾಗಿ, ಕಾಂಡ ಮೆತ್ತಗಿದ್ದರೆ ಸಾರಜನಕ ಜಾಸ್ತಿಯಾಗಿದೆ. ಗುಲಾಬಿಗೆ ಹಾಕುವ ಗೊಬ್ಬರವನ್ನೇ ಇದಕ್ಕೂ ಹಾಕುತ್ತಿದ್ದೀರಾ ನೋಡಿ. ಒಂದು ವರ್ಷ ಪೂರ್ತಿ ನಿಲ್ಲಿಸಿ.

ಮೂರನೆಯದು ಕತ್ತರಿ. ತಂಗಡಿ ಹೂ ಬಿಡುವುದು ಹೊಸ ಕೊಂಬೆಗಳ ತುದಿಯಲ್ಲಿ. ಬೇಲಿ ಸಮ ಕಾಣಲಿ ಅಂತ ತಿಂಗಳಿಗೊಮ್ಮೆ ತುದಿ ಸವರಿದರೆ ಬರಬೇಕಾದ ಹೂವನ್ನೇ ಕತ್ತರಿಸಿದ ಹಾಗೆ. ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ ಕತ್ತರಿಸಿ ಬಿಟ್ಟುಬಿಡಿ.

ಇದೆಲ್ಲ ಸರಿಯಿದ್ದರೆ ಗಿಡ ನಿಜಕ್ಕೂ ತಂಗಡಿಯಾ ಅಂತಲೇ ನೋಡಬೇಕು. ಎಲೆದಂಟು ಕಾಂಡಕ್ಕೆ ಸೇರುವ ಕಡೆ ಕಿವಿಯ ಆಕಾರದ ಅಗಲ ಹಸಿರು ಹಾಳೆಗಳು ಜೋಡಿಯಾಗಿ ಇರುತ್ತವೆ. ತಂಗಡಿಗೆ ಇದೇ ಖಚಿತ ಗುರುತು. ಅದು ಕಾಣದೆ ಗಿಡ ಮರದಂತೆ ಎತ್ತರಕ್ಕೆ ಹೋಗುತ್ತಿದ್ದರೆ ಸೀಮೆ ತಂಗಡಿ ಇರಬಹುದು. ಅದು ಆಗ್ನೇಯ ಏಷ್ಯಾದ ಮರ. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಕಳೆಯಾಗಿ ಹಬ್ಬಿ ತೊಂದರೆ ಕೊಡುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹಳದಿ ಹೂವಿನದೇ. ಅದು ಅಂತ ಗೊತ್ತಾದರೆ ಬೀಜ ಬೀಳುವ ಮುಂಚೆ ಬೇರುಸಮೇತ ತೆಗೆಯಿರಿ.

ಹೂ ಬರುತ್ತದೆ, ಕಾಯಿ ಕಟ್ಟುವುದಿಲ್ಲ

ಬೀಜ ಬೇಕಿಲ್ಲದಿದ್ದರೆ ಇದು ದೋಷವೇ ಅಲ್ಲ. ಬೇಕಿದ್ದರೆ ದುಂಬಿ ಬರುತ್ತಿದೆಯಾ ನೋಡಿ. ಈ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಆ ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದಿಂದಲೇ ಹೊರಬರಬೇಕು. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿ ಹೂವನ್ನು ಹಿಡಿದು ಗುಂಯ್ ಎಂದು ಅದುರಿಸಿದಾಗ ಪರಾಗ ಉದುರುತ್ತದೆ. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೆದ ಅಂಗಳಕ್ಕೆ ಅದು ಬರುವುದಿಲ್ಲ. ಸಿಂಪಡಣೆ ನಿಲ್ಲಿಸಿ. ಒಂದೆರಡು ಒಣ ಮರದ ತುಂಡುಗಳನ್ನು ಮೂಲೆಯಲ್ಲಿ ಬಿಡಿ, ಗೂಡಿಗೆ ಜಾಗ ಸಿಗುತ್ತದೆ.

ಎಲೆ ತಿಂದು ಹಾಕಿದೆ

ಎಲೆ ಬಣ್ಣದ್ದೇ ನುಣುಪಾದ ಹಸಿರು ಹುಳು, ಪಕ್ಕದಲ್ಲಿ ತಿಳಿ ಗೆರೆ ಕಂಡರೆ ಅದು ಬಹುತೇಕ ಎಮಿಗ್ರಂಟ್ ಅಥವಾ ಗ್ರಾಸ್ ಯೆಲ್ಲೋ ಚಿಟ್ಟೆಯ ಮರಿ. ತಂಗಡಿ ಮತ್ತು ಅದರ ಹತ್ತಿರದ ಗಿಡಗಳ ಮೇಲೆ ಅವು ಮೊಟ್ಟೆ ಇಡುತ್ತವೆ. ಬೆಳೆದ ಗಿಡ ಅರ್ಧ ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಬಿಟ್ಟುಬಿಡಿ ಎಂದೇ ನನ್ನ ಗಟ್ಟಿ ಸಲಹೆ. ಊರಿನ ಗಿಡ ನೆಡುವುದು ಈ ಜೀವಗಳಿಗೂ ಸೇರಿ, ಅಲ್ವಾ? ಒಂದಡಿಯ ಸಸಿಯ ಎಲೆಯೆಲ್ಲ ಖಾಲಿಯಾಗುತ್ತಿದ್ದರೆ ಮಾತ್ರ ಹುಳುಗಳನ್ನು ಎಲೆಸಮೇತ ದೊಡ್ಡ ಗಿಡಕ್ಕೆ ಸಾಗಿಸಿ.

ಅಂಟು, ಬಿಳಿ ಹತ್ತಿ, ಸಾಲು ಇರುವೆ

ಕುಡಿಯಲ್ಲಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ, ಗುಂಪಾಗಿ ಕೂತ ಸಣ್ಣ ಕೀಟವಾದರೆ ಸಸ್ಯಹೇನು. ಎಲೆ ಮೇಲಿನ ಕಪ್ಪು ಮಸಿ ಅವು ಸ್ರವಿಸುವ ಅಂಟಿನ ಮೇಲೆ ಬೆಳೆದ ಬೂಷ್ಟು. ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ, ತೀರಾ ಹಿಡಿದ ಕುಡಿ ಕತ್ತರಿಸಿ. ವಾರದ ನಂತರವೂ ಇದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಚೂರು ಸೋಪಿನ ದ್ರಾವಣ ಬೆರೆಸಿ, ಸಂಜೆ ಸಿಂಪಡಿಸಿ. ಪದೇ ಪದೇ ಬರುತ್ತಿದ್ದರೆ ನೀರು, ಗೊಬ್ಬರ ಜಾಸ್ತಿಯಾಗಿ ಚಿಗುರು ಮೆತ್ತಗಾಗಿದೆಯಾ ನೋಡಿ.

ಎಲೆಯ ಮೇಲೆ ಬೂದಿ ಚೆಲ್ಲಿದಂತಿದ್ದರೆ ಬೂದಿ ರೋಗ. ಒಳಗಿನ ಕೊಂಬೆ ಬಿಡಿಸಿ ಗಾಳಿ ಆಡಿಸಿದರೆ ಬಹುತೇಕ ಕಡಿಮೆಯಾಗುತ್ತದೆ. ಗಂಧಕ ಸಿಂಪಡಿಸಲೇಬೇಕಾದರೆ ಬಿರುಬಿಸಿಲಿನಲ್ಲಿ ಬೇಡ, ಬೇವಿನ ಎಣ್ಣೆ ಹಾಕಿ ಎರಡು ವಾರ ಆಗುವ ತನಕವೂ ಬೇಡ. ಎಲೆ ಸುಡುತ್ತದೆ.

ಬುಡ ಬೋಳು, ತುದಿಯಲ್ಲಿ ಮಾತ್ರ ಎಲೆ

ವಯಸ್ಸಾದ ಗಿಡ ಹೀಗಾಗುತ್ತದೆ. ತಂಗಡಿ ಕಡಿದಷ್ಟೂ ಚಿಗುರುವ ಗಿಡ. ಹಿಂದೆ ತೊಗಲು ಹದ ಮಾಡಲು ಇದರ ಕೊಂಬೆ ಕಡಿದು ತೊಗಟೆ ಬಳಸುತ್ತಿದ್ದರು. ಮುಂಗಾರಿನ ಮೊದಲ ಮಳೆಯ ನಂತರ ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಕೊರಗುತ್ತಿರುವ ಗಿಡಕ್ಕೆ, ಕಡುಬೇಸಿಗೆಯಲ್ಲಿ ಈ ಕೆಲಸ ಮಾಡಬೇಡಿ.

ಔಷಧಿ ಹೊಡೆದ ಮೇಲೆ

ಯಾವುದೇ ಸಿಂಪಡಣೆಗೆ ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಇರಲಿ. ಗಾಳಿ ಬೀಸುವಾಗ ಬೇಡ. ಮಕ್ಕಳು, ನಾಯಿ ಬೆಕ್ಕು ದೂರ ಇರಲಿ. ಅಡುಗೆ ಪಾತ್ರೆಯಲ್ಲಿ ಔಷಧಿ ಕಲಸಬೇಡಿ. ತಂಗಡಿ ಹೂ ಒಣಗಿಸಿ ಕಷಾಯ ಮಾಡುವ ಮನೆಗಳಿವೆ. ರಾಸಾಯನಿಕ ಹೊಡೆದ ಗಿಡದ ಹೂವನ್ನು ಅದಕ್ಕೆ ಬಳಸಲೇಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಈ ಕಷಾಯ ಕುಡಿಯುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಯಾರನ್ನು ಕೇಳಬೇಕು, ಏನು ಒಯ್ಯಬೇಕು

ನೀರು ನಿಲ್ಲಿಸಿ ಎರಡು ಮೂರು ವಾರವಾದರೂ ಹಳದಿ ಏರುತ್ತಿದ್ದರೆ, ಕಾಂಡದಿಂದ ರಸ ಸುರಿದು ತೊಗಟೆ ಬಿರಿಯುತ್ತಿದ್ದರೆ, ಒಂದಾದ ಮೇಲೆ ಒಂದು ಗಿಡ ಸಾಯುತ್ತಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತೋಟಗಾರಿಕೆ ಇಲಾಖೆ ಕಚೇರಿಗೆ ಹೋಗಿ. ಕಿಸಾನ್ ಕಾಲ್ ಸೆಂಟರ್‌ನ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪೂರ್ತಿ ಒಣಗಿದ ಕೊಂಬೆ ಒಯ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅರ್ಧ ಹಸಿರು, ಅರ್ಧ ರೋಗ ಇರುವ ಕೊಂಬೆಯನ್ನು ಕಾಗದದಲ್ಲಿ ಸುತ್ತಿ. ಸಣ್ಣ ಬೇರು, ಅದರ ಸುತ್ತಲ ಮಣ್ಣು ಬೇರೆ ಚೀಲದಲ್ಲಿರಲಿ. ಇಡೀ ಗಿಡದ ಮತ್ತು ಬುಡದ ಫೋಟೊ ಫೋನಿನಲ್ಲಿರಲಿ. ಎಷ್ಟು ದಿನಕ್ಕೊಮ್ಮೆ ನೀರು ಹಾಕುತ್ತೀರಿ, ಏನೇನು ಗೊಬ್ಬರ, ಔಷಧಿ ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.